ಕೀಲಿಮಣೆಯಲ್ಲಿ ವ್ಯಂಜನಶುದ್ಧಿ

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ನೀಡಿತು. ಪಾಲಿ, ಮರಾಠಿ, ಬಂಗಾಳಿ, ಅಸ್ಸಾಮಿ ಭಾಷೆಗಳಿಗೂ ಅದೇ ನಿರ್ಣಯದಲ್ಲಿ ಆ ಗೌರವ ಸಂದಿತು. ಮರುವರ್ಷದ ಬಜೆಟ್‌ನಲ್ಲಿ ಜ್ಞಾನ ಭಾರತಂ ಯೋಜನೆ ಪ್ರಕಟವಾಯಿತು. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ ಮತ್ತು ಸಂರಕ್ಷಣೆ ಅದರ ಗುರಿ. ಜಿನಾಗಮಗಳ ಭಾಷೆಯೇ ಪ್ರಾಕೃತ. ಬಸದಿ, ಮಠಗಳ ಭಂಡಾರಗಳೇ ಹಸ್ತಪ್ರತಿಗಳ ನೆಲೆ. ಆದ್ದರಿಂದ ಜೈನ ಸಮಾಜವು ಈ ಎರಡು ವಾರ್ತೆಗಳನ್ನೂ ಹರ್ಷದಿಂದ ಸ್ವೀಕರಿಸಿದ್ದು ಸಹಜವೇ. ಆದರೆ ಘೋಷಣೆಯ ಅನಂತರದ ಕಾರ್ಯ ನಡೆಯಬೇಕಾದುದು ತೀರ ಸಣ್ಣದೊಂದು ಸ್ಥಳದಲ್ಲಿ, ಬೆರಳಿಗೂ ಕೀಲಿಗೂ ನಡುವೆ. ತಾಡೋಲೆಯ ಛಾಯಾಚಿತ್ರವನ್ನು ತೆಗೆದ ಮಾತ್ರಕ್ಕೆ ಗ್ರಂಥವು ಸ್ವಾಧ್ಯಾಯಕ್ಕೆ ಒದಗಿದಂತಾಗದು. ಛಾಯಾಚಿತ್ರದಲ್ಲಿ ಪದವೊಂದನ್ನು ಹುಡುಕುವಂತಿಲ್ಲ, ಎರಡು ಪ್ರತಿಗಳ ಪಾಠವನ್ನು ಸುಲಭವಾಗಿ ಹೋಲಿಸುವಂತಿಲ್ಲ. ಯಾರಾದರೊಬ್ಬರು ಕುಳಿತು ಅದನ್ನು ಅಕ್ಷರಶಃ ಬೆರಳಚ್ಚಿಸಬೇಕು. ಯಂತ್ರವೇ ಓಲೆಯನ್ನು ಓದಿದರೂ ಅದರ ತಪ್ಪುಗಳನ್ನು ತಿದ್ದಲು ಮತ್ತೆ ಕೀಲಿಮಣೆಯೇ ಬೇಕು.

ಜ್ಞಾನಾಚಾರಕ್ಕೆ ಎಂಟು ಅಂಗಗಳನ್ನು ಶಾಸ್ತ್ರವು ಹೇಳಿದೆ: ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ, ವ್ಯಂಜನ, ಅರ್ಥ ಮತ್ತು ತದುಭಯ. ಇವುಗಳಲ್ಲಿ ವ್ಯಂಜನಾಚಾರವೆಂದರೆ ಅಕ್ಷರವನ್ನು ಕೂಡಿಸದೆ, ಬಿಡದೆ, ಬದಲಿಸದೆ ಓದುವ ಮತ್ತು ಬರೆಯುವ ಶುದ್ಧಿ. ಅರ್ಥಶುದ್ಧಿಗಿಂತ ಮೊದಲು ವ್ಯಂಜನಶುದ್ಧಿಯನ್ನು ಎಣಿಸಿರುವುದು ಆಕಸ್ಮಿಕವೆಂದು ತೋರುವುದಿಲ್ಲ.

ಷಟ್‌ಖಂಡಾಗಮದ ಅವತರಣದ ಕಥೆಯೇ ಇದಕ್ಕೆ ಸಾಕ್ಷಿ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ದಕ್ಷಿಣಾಪಥದಿಂದ ಬಂದ ಇಬ್ಬರು ಮುನಿಗಳಿಗೆ ಶ್ರುತವನ್ನು ಒಪ್ಪಿಸುವ ಮುನ್ನ ಅವರನ್ನು ಪರೀಕ್ಷಿಸಲು ಒಂದೊಂದು ವಿದ್ಯೆಯನ್ನು ಕೊಟ್ಟು ಸಾಧಿಸುವಂತೆ ಆಜ್ಞಾಪಿಸಿದರು. ಒಂದು ಮಂತ್ರದಲ್ಲಿ ಅಕ್ಷರ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಕಡಿಮೆಯಾಗಿತ್ತು. ಉಪವಾಸಪೂರ್ವಕವಾಗಿ ಸಾಧಿಸಿದಾಗ ಇಬ್ಬರಿಗೂ ದೇವತೆಗಳು ಕಾಣಿಸಿಕೊಂಡರು. ಆದರೆ ಒಬ್ಬಳು ಉಬ್ಬುಹಲ್ಲಿನವಳು, ಇನ್ನೊಬ್ಬಳು ಒಕ್ಕಣ್ಣಿನವಳು. ದೇವತೆಗಳು ವಿಕೃತಾಂಗರಾಗಿರಲಾರರೆಂದು ತಿಳಿದ ಮುನಿಗಳು ಮಂತ್ರವ್ಯಾಕರಣದಿಂದ ಅಕ್ಷರಗಳನ್ನು ಸರಿಪಡಿಸಿ ಮತ್ತೆ ಜಪಿಸಿದರು. ದೇವತೆಗಳು ಸಹಜರೂಪದಲ್ಲಿ ಬಂದರು. ಆ ಮುನಿಗಳೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು. ಗುರುವು ಪರೀಕ್ಷಿಸಿದ್ದು ಅವರ ನೆನಪನ್ನಲ್ಲ. ದೋಷವನ್ನು ಕಂಡು ಗುರುತಿಸುವ ಕಣ್ಣನ್ನು.

ಇಂದಿನ ಗಣಕದಲ್ಲಿ ಆ ಪರೀಕ್ಷೆ ದಿನವೂ ನಡೆಯುತ್ತಿದೆ, ದೇವತೆಗಳು ಮಾತ್ರ ಕಾಣಿಸಿಕೊಂಡು ಎಚ್ಚರಿಸುವುದಿಲ್ಲ. ಅರ್ಧಮಾಗಧಿಯಲ್ಲಿ ‘ಮತಿ’ ಎಂಬುದು ‘ಮಇ’ ಆಗುತ್ತದೆ. ನಡುವಿನ ತಕಾರ ಲೋಪವಾಗಿ ಎರಡು ಸ್ವರಗಳು ಪಕ್ಕಪಕ್ಕ ನಿಲ್ಲುವುದು ಪ್ರಾಕೃತದ ಸ್ವಭಾವ. ಆದರೆ ಎಂ, ಎ, ಐ ಎಂಬ ಮೂರು ರೋಮನ್ ಕೀಲಿಗಳನ್ನೊತ್ತಿದರೆ ಇಂದಿನ ಲಿಪ್ಯಂತರ ತಂತ್ರಾಂಶವು ‘ಮೈ’ ಎಂದು ಮೂಡಿಸುತ್ತದೆ. ಮತಿಯಿದ್ದ ಸ್ಥಳದಲ್ಲಿ ಶರೀರ ಬಂದು ಕುಳಿತಿತು! ‘ಗತಿ’ಯ ಪ್ರಾಕೃತರೂಪ ‘ಗಇ’ಗೂ ಇದೇ ಪಾಡು. ಹಳಗನ್ನಡದ ಜೈನಕಾವ್ಯಗಳನ್ನು ಬೆರಳಚ್ಚಿಸುವವರ ತೊಡಕು ಬೇರೆಯದು. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಖಡ್ಗ. ಕೀಲಿಮಣೆಯಲ್ಲಿ ೞಕಾರ ಸಿಗಲಿಲ್ಲವೆಂದು ಳಕಾರವನ್ನೊತ್ತಿ ಮುಂದೆ ಸಾಗಿದರೆ, ಅಹಿಂಸೆಯನ್ನು ಸಾರುವ ಕಾವ್ಯದಲ್ಲಿ ಬದುಕು ಕತ್ತಿಯಾಗುತ್ತದೆ. ಪಾಪ, ಆ ೞಕಾರದ ದುರ್ದೆಶೆ ಇಷ್ಟಕ್ಕೇ ಮುಗಿಯುವುದಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಸೇರಿದ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮವಾದ್ದರಿಂದ, ತಿದ್ದುಪಡಿಯ ಉಪನಾಮವೊಂದನ್ನು ಜೋಡಿಸಿ ಸುಮ್ಮನಾಗಿದ್ದಾರೆ.

ಪರಿಹಾರ ಇಲ್ಲದಿಲ್ಲ. ಯಾವ ಕೀಲಿಯನ್ನೊತ್ತಿದರೆ ಯಾವ ಅಕ್ಷರ ಮೂಡಬೇಕೆಂಬುದನ್ನು ನಿರ್ಧರಿಸುವುದು ಕೀಲಿಯ ಮೇಲಿನ ಮುದ್ರೆಯಲ್ಲ, ಗಣಕದೊಳಗಿನ ಒಂದು ಪಟ್ಟಿ. ಆ ಪಟ್ಟಿಯನ್ನು ಬೇಕಾದಂತೆ ರಚಿಸಿಕೊಳ್ಳಬಹುದು. ಕೀಮ್ಯಾನ್‌ನಂಥ ಉಚಿತ ತಂತ್ರಾಂಶಗಳು ಇರುವುದೇ ಅದಕ್ಕಾಗಿ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಕ್ಕೂ ಸ್ವರಚಿಹ್ನೆಗೂ ಪ್ರತ್ಯೇಕ ಸ್ಥಾನಗಳಿರುವುದರಿಂದ ‘ಮಇ’ಯ ತೊಡಕು ಅಲ್ಲಿಲ್ಲ, ಅದನ್ನೇ ಆಧಾರವಾಗಿಟ್ಟುಕೊಂಡು ೞ, ಱ, ಅವಗ್ರಹ, ದಂಡ ಮುಂತಾದವನ್ನು ಬೆರಳಿಗೆಟುಕುವಂತೆ ಇಟ್ಟುಕೊಳ್ಳಬಹುದು. ಪ್ರಾಕೃತಕ್ಕೆ ಋ, ಐ, ಔ, ಶ, ಷ, ವಿಸರ್ಗಗಳು ಬೇಡ. ಆ ಸ್ಥಾನಗಳನ್ನು ಬೇರೆ ಚಿಹ್ನೆಗಳಿಗೆ ಕೊಡಬಹುದೆಂದು ಯಾರಿಗಾದರೂ ತೋಚೀತು. ಹಾಗೆ ಮಾಡುವ ಮುನ್ನ ವೀರಸೇನಾಚಾರ್ಯರ ಧವಳಾ ಟೀಕೆಯನ್ನು ನೆನೆಯಬೇಕು. ಅದು ಪ್ರಾಕೃತ, ಸಂಸ್ಕೃತಗಳೆರಡೂ ಮಣಿಪ್ರವಾಳದಂತೆ ಬೆರೆತ ಕೃತಿ. ಷಕಾರವನ್ನು ಕಿತ್ತ ಕೀಲಿಮಣೆ ಅಲ್ಲಿ ಮೊದಲ ಪುಟವನ್ನೂ ದಾಟಲಾರದು.

ಇಲ್ಲಿ ನಂದಿಸೂತ್ರದ ಒಂದು ವಿವೇಕ ಬಹಳ ಉಪಕಾರಿ. ಅಕ್ಷರಶ್ರುತವನ್ನು ಅದು ಮೂರಾಗಿ ವಿಭಾಗಿಸುತ್ತದೆ: ಅಕ್ಷರದ ಆಕೃತಿ ಸಂಜ್ಞಾಕ್ಷರ, ಅದರ ಉಚ್ಚಾರಣೆ ವ್ಯಂಜನಾಕ್ಷರ, ಅದನ್ನು ಅರಿಯುವ ಆತ್ಮಶಕ್ತಿ ಲಬ್ಧ್ಯಕ್ಷರ. ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟ್‌ಗಳು ಕಾಪಾಡಿದ್ದು ಸಂಜ್ಞಾಕ್ಷರವನ್ನು ಮಾತ್ರ. ಅವು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕೃತಿಯನ್ನು ತೊಡಿಸಿದ್ದವು. ಫಾಂಟ್ ಬದಲಾದರೆ ಆಕೃತಿ ಕಳಚಿ, ಸ್ತೋತ್ರವಿದ್ದ ಪುಟದಲ್ಲಿ ಅರ್ಥಹೀನ ರೋಮನ್ ಅಕ್ಷರಗಳು ಉಳಿಯುತ್ತವೆ. ಆ ಕಾಲದಲ್ಲಿ ಶ್ರದ್ಧೆಯಿಂದ ಬೆರಳಚ್ಚಿಸಿದ ಪೂಜಾಸಂಗ್ರಹಗಳೂ ಪುರಾಣಗಳೂ ಇಂದು ತೆರೆಯಲಾರದ ಕಡತಗಳಾಗಿ ಬಿದ್ದಿರುವುದಕ್ಕೆ ಕಾರಣ ಇದೇ. ಆದ್ದರಿಂದ ಸ್ವಂತ ಕೀಲಿಮಣೆ ಬೇರೆ, ಸ್ವಂತ ಸಂಕೇತ ಬೇರೆ. ಮೊದಲನೆಯದು ಲೇಖಕನ ಅನುಕೂಲ. ಎರಡನೆಯದು ಗ್ರಂಥಕ್ಕೆ ಸೆರೆಮನೆ. ಬೇಕಾದ ಚಿಹ್ನೆ ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸುವಂತೆ ಕೇಳಿ ಪಡೆಯುವುದೇ ಸರಿಯಾದ ಮಾರ್ಗ. ನಾಗರಿಯ ಜೈನ ಓಂಕಾರ 2015ರಲ್ಲಿ, ಕನ್ನಡದ ಸಿದ್ಧಂ ಚಿಹ್ನೆ 2018ರಲ್ಲಿ ಹಾಗೆಯೇ ಸೇರಿದವು.

ಶುದ್ಧಿಯೆಂದರೆ ಏಕರೂಪತೆ ಎಂಬ ಭ್ರಮೆಯೂ ಬೇಡ. ಪಂಚನಮಸ್ಕಾರದ ಮೊದಲ ಪದವನ್ನು ಕೆಲವು ಪರಂಪರೆಗಳು ‘ಣಮೋ’ ಎಂದೂ ಕೆಲವು ‘ನಮೋ’ ಎಂದೂ ಪಠಿಸುತ್ತವೆ. ಆಚಾರ್ಯರಿಗೆ ಸಲ್ಲುವ ಪದದಲ್ಲಿ ‘ಆಇರಿಯ’, ‘ಆಯರಿಯ’ ಎಂಬ ಎರಡೂ ಪಾಠಗಳಿವೆ. ಎರಡೂ ಪೂಜ್ಯವೇ. ಆದರೆ ಎದುರಿನ ಓಲೆಯಲ್ಲಿ ‘ಣಮೋ’ ಇದ್ದು, ಪರಿಚಿತ ಪದವನ್ನು ತಾನೇ ಸೂಚಿಸುವ ಮೊಬೈಲ್ ‘ನಮೋ’ ಎಂದು ತಿದ್ದಿದರೆ, ಮತ್ತು ಬೆರಳಚ್ಚುಗಾರನು ಅದನ್ನು ಒಪ್ಪಿಬಿಟ್ಟರೆ, ಅಳಿದದ್ದು ಒಂದು ಅಕ್ಷರ ಮಾತ್ರವಲ್ಲ, ಒಂದು ಪರಂಪರೆಯ ಸಾಕ್ಷ್ಯ. ಶ್ರುತವು ಯಾರಿಂದ ಬಂದಿತೋ ಅವರನ್ನು ಮರೆಮಾಚದಿರುವುದೇ ಅನಿಹ್ನವಾಚಾರ. ಯಾವ ಭಂಡಾರದ ಯಾವ ಓಲೆಯಿಂದ ಪಾಠವನ್ನು ಪಡೆದದ್ದೆಂಬ ಟಿಪ್ಪಣಿ ಬೆರಳಚ್ಚಿನ ಪ್ರತಿಯಲ್ಲಿ ಇರಲೇಬೇಕು.

ಒಂದು ಪದ ಬಿಟ್ಟುಹೋದರೆ ಏನಾದೀತೆಂದು ಕೇಳುವವರಿಗೆ ಇತ್ತೀಚಿನ ಇತಿಹಾಸವೇ ಉತ್ತರ ಹೇಳುತ್ತದೆ. ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದ ಧವಳಾ ಗ್ರಂಥದ ನಕಲುಗಳನ್ನು ಆಧರಿಸಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟಗಳು ಹೊರಬಂದವು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಆ ನಕಲುಗಳಲ್ಲಿ ಇರಲಿಲ್ಲ. ಅದು ಬಿಟ್ಟುಹೋಗಿರುವಂತೆ ತೋರುತ್ತದೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಸೂತ್ರ ಮನುಷ್ಯಿಣಿಯರ ಗುಣಸ್ಥಾನಗಳಿಗೆ ಸಂಬಂಧಿಸಿದುದು. ಪದವಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ವಿದ್ವಾಂಸರಲ್ಲಿಯೂ ಮುನಿಸಂಘದಲ್ಲಿಯೂ ದೊಡ್ಡ ವಾದವೇ ಎದ್ದಿತು. ಮುಂದೆ ಮೂಡುಬಿದಿರೆಯ ಮೂಲ ತಾಡೋಲೆಯನ್ನು ತೆರೆದು ನೋಡಿದಾಗ ಪದವು ಅಲ್ಲಿತ್ತು. ನಕಲುಗಾರನ ಕಣ್ಣು ಒಂದು ಕ್ಷಣ ಜಾರಿದ್ದರ ಫಲ ಅಷ್ಟು ದೂರ ಹೋಯಿತು. ಆ ನಕಲು ಕೈಬೆರಳೆಣಿಕೆಯ ಪ್ರತಿಗಳಲ್ಲಿತ್ತು. ಇಂದಿನ ಬೆರಳಚ್ಚಿನ ತಪ್ಪು ಒಂದೇ ದಿನದಲ್ಲಿ ಸಾವಿರಾರು ಫೋನುಗಳನ್ನು ಸೇರುತ್ತದೆ.

ವಿವಾದವನ್ನು ಬಗೆಹರಿಸಿದ್ದು ಮೂಲವನ್ನು ತೆರೆದು ತೋರಿಸಿದ ಔದಾರ್ಯ ಎಂಬುದನ್ನೂ ಮರೆಯಬಾರದು. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಮಾತ್ಸರ್ಯ, ಅಂತರಾಯಗಳನ್ನು ಎಣಿಸಿದೆ. ಓಲೆಗಳ ಚಿತ್ರಗಳನ್ನು ತೆಗೆಸಿ, ಅವನ್ನು ಕಪಾಟಿನ ಬದಲು ಗುಪ್ತಪದದ ಹಿಂದೆ ಬೀಗ ಹಾಕಿಡುವುದು ಈ ದೋಷಗಳಿಂದ ಎಷ್ಟು ದೂರವೆಂದು ಭಂಡಾರಗಳ ಹೊಣೆ ಹೊತ್ತವರು ಯೋಚಿಸುವುದು ಒಳಿತು.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಕೆಯ ಹೆಸರು ಉಳಿದಿದೆ, ಆ ಲಿಪಿಕಾರರ ಹೆಸರುಗಳು ಯಾರಿಗೂ ನೆನಪಿಲ್ಲ. ಇಂದಿನ ಶಾಸ್ತ್ರದಾನದ ಹಣವೂ ಬಹುಮಟ್ಟಿಗೆ ದಪ್ಪ ರಟ್ಟಿನ ಮುದ್ರಣಕ್ಕೂ ಬಿಡುಗಡೆಯ ಸಮಾರಂಭಕ್ಕೂ ಹೋಗುತ್ತದೆ. ಹಳೆಯ ಲಿಪಿಯನ್ನೂ ಪ್ರಾಕೃತವನ್ನೂ ಬಲ್ಲವರು ಕೆಲವರೇ ಉಳಿದಿದ್ದಾರೆ. ಅವರ ಪಕ್ಕದಲ್ಲಿ ಗಣಕ ಬಲ್ಲ ಕಿರಿಯರನ್ನು ಕೂರಿಸಿ, ಇಬ್ಬರಿಗೂ ಸಂಭಾವನೆ ಕೊಡುವ ದಾನಿಗಳು ಬೇಕಾಗಿದ್ದಾರೆ. ಜ್ಯೇಷ್ಠ ಶುಕ್ಲ ಪಂಚಮಿ ಶ್ರುತಪಂಚಮಿ. ಷಟ್‌ಖಂಡಾಗಮದ ರಚನೆ ಪೂರ್ಣಗೊಂಡ ನೆನಪಿನ ದಿನ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸುವ ವಾಡಿಕೆಯಿದೆ. ವಸ್ತ್ರ ಸುತ್ತುವ ಮುನ್ನ ಒಂದೇ ಒಂದು ಓಲೆಯನ್ನು ಪಾಠಶಾಲೆಯ ಮಕ್ಕಳ ಮುಂದೆ ಇಡಬಹುದು. ಹಿರಿಯರೊಬ್ಬರು ಗಟ್ಟಿಯಾಗಿ ಓದಲಿ, ಒಬ್ಬರು ಬೆರಳಚ್ಚಿಸಲಿ, ಮತ್ತೊಬ್ಬರು ಪರದೆಯನ್ನೂ ಓಲೆಯನ್ನೂ ಸಾಲುಸಾಲಾಗಿ ಹೋಲಿಸಲಿ. ಒಂದು ಓಲೆಗೆ ಒಂದು ಪೂರ್ವಾಹ್ನವೇ ಹಿಡಿದೀತು.