ಕೈಗುಣವೆಂಬ ಕಟ್ಟುಕತೆ

ಮನೆಯಲ್ಲಿ ಒಂದು ಗಿಡ ಸತ್ತರೆ ಆ ಪಾಪ ಯಾರ ತಲೆಗೆ? ಸಂಶಯವೇ ಬೇಡ, ಸೊಸೆಯ ತಲೆಗೆ. ಮದುವೆಯಾಗಿ ಬಂದ ವರ್ಷ ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ, ಬರುವಾಗ ರಸ್ತೆ ಬದಿಯಲ್ಲಿ ಎರಡು ಕುಂಡ ಪೆಟೂನಿಯಾ ಕೊಂಡು ತಂದೆ. ಯುಗಾದಿಯ ಹೊತ್ತಿಗೆ ಎರಡೂ ಒಣಗಿ ಕಡ್ಡಿಯಾದವು. ಅದರ ಹಿಂದೆಯೇ ಕಟ್ಟೆಯ ತುಳಸಿಯೂ ಬಾಡಿತು. ಅತ್ತೆ ಹೆಚ್ಚೇನೂ ಹೇಳಲಿಲ್ಲ. "ಕೆಲವರ ಕೈಗುಣವೇ ಹಾಗೆ. ಮುಟ್ಟಾದಾಗ ಆ ಕಡೆ ಸುಳಿದಿದ್ದೆಯೇನೋ" ಎಂದರು. ಅಷ್ಟೇ ಸಾಕಾಯಿತು. ಹನ್ನೆರಡು ವರ್ಷ ನಾನು ಮಣ್ಣು ಮುಟ್ಟಲಿಲ್ಲ.

ಆ ಹನ್ನೆರಡು ವರ್ಷಗಳ ಲೆಕ್ಕವನ್ನು ಈಗ ಕೇಳುತ್ತಿದ್ದೇನೆ.

ವಾಕಿಂಗಿಗೆಂದು ದಿನಾ ಲಾಲ್‌ಬಾಗಿಗೆ ಹೋಗತೊಡಗಿದ ಮೇಲೆ ನನಗೆ ಬುದ್ಧಿ ಬಂತು. ಜನವರಿಯಲ್ಲಿ ಕಣ್ಣು ಕೋರೈಸಿದ ಪೆಟೂನಿಯಾ, ಸಾಲ್ವಿಯಾಗಳನ್ನು ಬಿಸಿಲೇರುತ್ತಿದ್ದಂತೆ ಮಾಲಿಗಳು ಕಿತ್ತು ಒಯ್ಯುತ್ತಿದ್ದರು. ಯಾರೂ ಯಾರ ಕೈಗುಣವನ್ನೂ ಆಡಿಕೊಳ್ಳುತ್ತಿರಲಿಲ್ಲ. ಅವು ಒಂದೇ ಹಂಗಾಮಿನ ಗಿಡಗಳು, ಚಳಿಗಾಲವೇ ಅವುಗಳ ಆಯುಷ್ಯ. ಮೈತುಂಬ ಹೂಬಿಟ್ಟ ಕುಂಡವನ್ನು ಕೊಂಡವಳು ಅರ್ಧ ಆಯುಷ್ಯ ಮುಗಿದ ಗಿಡವನ್ನು ಕೊಂಡಿರುತ್ತಾಳೆ. ಮಾರುವವನಿಗೆ ಇದು ಗೊತ್ತು, ಹೇಳುವುದಿಲ್ಲ.

ಇನ್ನು ಮುಟ್ಟಿನ ಮಾತು. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳನ್ನು ಒಂದು ದಿನ ಧೈರ್ಯಮಾಡಿ ಕೇಳಿಯೇಬಿಟ್ಟೆ. ಅವಳು ಸೆರಗಿನಿಂದ ಬೆವರೊರೆಸಿಕೊಂಡು ನಕ್ಕಳು. "ತಿಂಗ್ಳಿಗೆ ಮೂರ್ ದಿನ ಮನೇಲಿ ಕುಂತ್ರೆ ಕೂಲಿ ಯಾರ್ ಕೊಡ್ತಾರಕ್ಕ? ಗಿಡಕ್ಕೇನ್ ಗೊತ್ತಾಯ್ತದೆ?" ಅಂಥವರು ತಿಂಗಳಿಡೀ ಮುಟ್ಟಿ ಬೆಳೆಸಿದ ಹೂಗಳನ್ನು ನೋಡಲು ನಾವು ಟಿಕೆಟ್ ಕೊಂಡು ಸಾಲು ನಿಲ್ಲುತ್ತೇವೆ. ಮನೆಗೆ ಬಂದು ನಮ್ಮದೇ ಕುಂಡದಿಂದ ಮಾರು ದೂರ ನಿಲ್ಲುತ್ತೇವೆ!

ಹಾಗಾದರೆ ತುಳಸಿ ಸತ್ತದ್ದೇಕೆ? ಭಕ್ತಿ ಹೆಚ್ಚಾಗಿ. ಬೆಳಗಾದರೆ ಮನೆಯವರೆಲ್ಲ ಒಂದೊಂದು ಚೊಂಬು ನೀರು ಸುರಿಯುತ್ತಿದ್ದೆವು. ಸಿಮೆಂಟಿನ ಕಟ್ಟೆಗೆ ನೀರು ಬಸಿಯಲು ತೂತೇ ಇರಲಿಲ್ಲ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ಬಾಡಿತೆಂದು ಇನ್ನೊಂದು ಚೊಂಬು ಸುರಿದೆವು. ಕದಿರು ಬಲಿಯುವ ಮೊದಲೇ ಚಿವುಟಬೇಕು, ಬೀಜಕಟ್ಟಿದ ತುಳಸಿ ಬೇಗ ಮುಪ್ಪಾಗುತ್ತದೆ ಎಂಬುದೂ ನಮಗೆ ತಿಳಿದಿರಲಿಲ್ಲ.

1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕೃಂಬಿಗಲ್, ಒಂದು ಮರದ ಹೂ ಉದುರುವಾಗ ಇನ್ನೊಂದು ಅರಳುವಂತೆ ಲೆಕ್ಕಹಾಕಿ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಅದನ್ನು ಯಾರಾದರೂ ಅವರ ಕೈಗುಣ ಎನ್ನುತ್ತಾರೆಯೇ? ವಿದ್ಯೆ ಎನ್ನುತ್ತಾರೆ. ಗಂಡಸಿಗಾದರೆ ವಿದ್ಯೆ, ನಮಗಾದರೆ ಕೈಗುಣ!

ಆ ವಿದ್ಯೆ ನಮಗೂ ಬರುತ್ತದೆ. ನೀರು ಹಾಕುವ ಮೊದಲು ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ತೇವವಿದ್ದರೆ ಚೊಂಬನ್ನು ಒಳಗಿಡಿ. ದುಂಡುಮಲ್ಲಿಗೆಯನ್ನು ಚಳಿಗಾಲದಲ್ಲಿ ಮನಸ್ಸು ಗಟ್ಟಿಮಾಡಿ ಕತ್ತರಿಸಿ, ಗೊಬ್ಬರ ಕೊಡಿ. ಬೇಸಿಗೆಯಲ್ಲಿ ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು. ದಾಸವಾಳದ ಕಡ್ಡಿ ನೆಡಲು ಮಳೆಗಾಲ ಒಳ್ಳೆಯದು. ಪೆಟೂನಿಯಾ ಬೇಕೇಬೇಕೆಂದರೆ ಮಳೆ ಹಿಂದಾದ ಮೇಲೆ, ಅಕ್ಟೋಬರಿನಲ್ಲಿ, ಬೀಜ ಬಿತ್ತಿ.

ಅತ್ತೆ ಈಗಿಲ್ಲ. ಅವರಿಗೂ ಯಾರೋ ಹಾಗೆಯೇ ಹೇಳಿರಬೇಕು. ಆದರೆ ಆ ಮಾತನ್ನು ನಾನು ಮುಂದಕ್ಕೆ ದಾಟಿಸಲಾರೆ. ಹೋದ ತಿಂಗಳು ಸೊಸೆ ನೆಟ್ಟ ಗುಲಾಬಿ ಸತ್ತಿತು. "ಅತ್ತೆ, ನನ್ನ ಕೈಗುಣ..." ಎಂದು ಶುರುಮಾಡಿದಳು. ನಾನು ಮಾತಾಡದೆ ಕುಂಡವನ್ನು ಬೋರಲು ಹಾಕಿ ತೋರಿಸಿದೆ. ಮಣ್ಣು ಕೆಸರಾಗಿತ್ತು. ತಳದ ತೂತು ಮುಚ್ಚಿಹೋಗಿತ್ತು.