ದೋಷ ತಂತಿಯದೋ, ಅಲೆಯದೋ?

ರಾಜಾಜಿನಗರದಲ್ಲಿ ಗೋಡೆಗೆ ಗೋಡೆ ತಾಗಿದ ಸಣ್ಣ ಕಚೇರಿಗಳು ಹೇರಳ. ಅಂಥದೊಂದು ಲೆಕ್ಕಪತ್ರದ ಕಚೇರಿಯಲ್ಲಿ ತಿಂಗಳ 20ನೆಯ ತಾರೀಖು, ಜಿಎಸ್‌ಟಿ ವಿವರ ಸಲ್ಲಿಸುವ ಕಡೆಯ ದಿನವೇ, ವೈ-ಫೈ ಕೈಕೊಟ್ಟರೆ ಕಕ್ಷಿಗಾರರಿಗೆ ದಂಡ, ಗುಮಾಸ್ತನಿಗೆ ಬೈಗುಳ.

ಆದರೆ ದೋಷದ ಮೂಲವನ್ನರಿಯುವುದು ಕಷ್ಟವಲ್ಲ. ಒಂದು ಕಂಪ್ಯೂಟರಿಗೆ ರೌಟರಿನಿಂದ ನೇರವಾಗಿ ತಂತಿ ಜೋಡಿಸಿ ನೋಡಬೇಕು. ಆಗಲೂ ಸಂಪರ್ಕ ಕಡಿದರೆ ದೋಷ ರೌಟರಿನದು, ಇಲ್ಲವೆ ಹೊರಗಿನ ಲೈನಿನದು. ಸರಾಗವಾಗಿ ನಡೆದರೆ ಅಲೆಗಳ ಹಾದಿಯದು.

ನಮ್ಮ ದೇಶದಲ್ಲಿ 2005ರಿಂದ 2.4 ಗಿಗಾಹರ್ಟ್ಸ್ ಅಲೆಗಳಿಗೆ ಪರವಾನಗಿ ಬೇಕಿಲ್ಲ. ಊರ ಬಾವಿಯಂತೆ ಅವು ಎಲ್ಲರವು. ಅಲ್ಲಿ ಒಂದನ್ನೊಂದು ತಾಗದ ಚಾನೆಲ್‌ಗಳೆಂದರೆ 1, 6, 11 ಮಾತ್ರ. ನೆರೆಯವರೆಲ್ಲ 6ರಲ್ಲಿ ನೆರೆದಿದ್ದರೆ, 1ಕ್ಕೋ 11ಕ್ಕೋ ಸರಿಯುವುದು ವಿವೇಕ. ರೌಟರನ್ನು ಉಕ್ಕಿನ ಬೀರುವಿನ ಹಿಂದಿನಿಂದ ತೆಗೆದು ಎತ್ತರದಲ್ಲಿಡಬೇಕು. ಮೈಕ್ರೋವೇವ್ ಒಲೆಯ ನೆರೆ ಬೇಡ. ಹತ್ತಿರದ ಮೇಜುಗಳಿಗೆ 5 ಗಿಗಾಹರ್ಟ್ಸ್ ಮೇಲು; ಗೋಡೆ ದಾಟುವಲ್ಲಿ ಮಾತ್ರ ಅದು ದುರ್ಬಲ. ವಿವರ ಸಲ್ಲಿಸುವ ಕಂಪ್ಯೂಟರಿಗಂತೂ ತಂತಿಯೇ ಲೇಸು.

ಗುಮಾಸ್ತನನ್ನು ಗದರುವ ಮುನ್ನ ಯಜಮಾನರು ನಾಲ್ಕು ಮೊಳ ತಂತಿಯ ಸಾಕ್ಷ್ಯವನ್ನು ಕೇಳಬಾರದೆ?