ಮನೆಯೊಳಗಿನ ಗುಡುಗು

ಮೊದಲ ಬೋನಸ್ ಕೈಗೆ ಬಂದೊಡನೆ ನಿಮ್ಮಲ್ಲಿ ಅನೇಕರು ಮಾಡುವ ಕೆಲಸವೆಂದರೆ ಮನೆಯ ಹಾಲ್‌ನಲ್ಲಿ ಹೋಂ ಥಿಯೇಟರ್ ಜೋಡಿಸುವುದು. ಟಿ.ವಿ. ದೊಡ್ಡದಾಗಿ ಗೋಡೆ ಹತ್ತಿದೆ, ಎಡಬಲಕ್ಕೆ ಸ್ಪೀಕರ್‌ಗಳೂ ಬಂದಿವೆ. ಇನ್ನು ಮೂಲೆಯಲ್ಲೊಂದು ಕಪ್ಪು ಪೆಟ್ಟಿಗೆ ಬರಬೇಕು. ಅದೇ ಸಬ್‌ವೂಫರ್. ಅಡಿಗೆಮನೆಯವಳಿಗೆ ಇದರ ಉಸಾಬರಿ ಯಾಕೆ ಎನ್ನಬೇಡಿ. ಆ ಪೆಟ್ಟಿಗೆ ಗುಡುಗಿದಾಗ ಮೊದಲು ಕುಣಿಯುವುದು ಶೆಲ್ಫಿನ ಮೇಲಿರುವ ನಮ್ಮ ಸ್ಟೀಲ್ ಡಬ್ಬಿಗಳೇ! ಆದ್ದರಿಂದ ಕೊಳ್ಳುವ ಮೊದಲೇ ನಾಲ್ಕು ಮಾತು ಆಡಿಬಿಡೋಣ.

ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ದನಿಯನ್ನು ಕೇಳುತ್ತದೆ. ಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಇದರಲ್ಲಿ ತೀರ ಕೆಳಗಿನದು, ಹೆಚ್ಚೆಂದರೆ 120 ಹರ್ಟ್ಸ್‌ವರೆಗಿನದು ಮಾತ್ರ ಸಬ್‌ವೂಫರಿನ ಪಾಲು. ನೀವು 5.1 ಎನ್ನುತ್ತೀರಲ್ಲ, ಅದರಲ್ಲಿ ಐದು ಸ್ಪೀಕರ್‌ಗಳ ಲೆಕ್ಕ. ಆ 'ಪಾಯಿಂಟ್ ಒಂದು' ಗುಡುಗು, ಸ್ಫೋಟಗಳಿಗಾಗಿ ಚಿತ್ರದವರು ಬೇರೆಯಾಗಿ ಮುದ್ರಿಸಿಟ್ಟ ದಾರಿ. ಡಾಲ್ಬಿ ಡಿಜಿಟಲ್ ಈ ಪದ್ಧತಿಯನ್ನು ಚಿತ್ರಮಂದಿರಕ್ಕೆ ತಂದದ್ದು 1992ರಲ್ಲಿ, 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದೊಂದಿಗೆ. ಅದಕ್ಕೂ ಮೊದಲು 1974ರ 'ಅರ್ತ್‌ಕ್ವೇಕ್' ಚಿತ್ರಕ್ಕಾಗಿ ಥಿಯೇಟರುಗಳಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಇಟ್ಟು ಭೂಕಂಪದ ಅನುಭವ ಕೊಟ್ಟಿದ್ದರು. ಆ ಗುಡುಗೇ ಈಗ ನಿಮ್ಮ ಒನ್ ಬಿ.ಎಚ್.ಕೆ. ಫ್ಲ್ಯಾಟಿಗೆ ಬರುತ್ತಿದೆ.

ಸಿನಿಮಾ ಸರಿ, ಸಂಗೀತಕ್ಕೆ ಇದು ಬೇಕೇ? ಪಿಯಾನೋದ ಕಟ್ಟಕಡೆಯ ಕೀಲಿ 27.5 ಹರ್ಟ್ಸ್, ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್. ನಮ್ಮ ಹಿಂದೂಸ್ತಾನಿ ಗಾಯಕರು ಕಾಳಿ ಒಂದರ ಷಡ್ಜದಲ್ಲಿ ಹಾಡಿದರೆ ತಂಬೂರಿಯ ಖರ್ಜದ ತಂತಿ ಸುಮಾರು 69 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಪುಟ್ಟ ಸ್ಪೀಕರಿನಲ್ಲಿ ಈ ಖರ್ಜದ ಮೇಲುಸ್ವರಗಳು ಮಾತ್ರ ಕೇಳಿಸುತ್ತವೆ, ಬುಡ ಸಿಗುವುದಿಲ್ಲ. ಒಳ್ಳೆಯ ಸಬ್‌ವೂಫರ್ ಸೇರಿಸಿದರೆ ಭೀಮಸೇನ ಜೋಶಿಯವರ ದನಿಯ ಹಿಂದೆ ತಂಬೂರಿ ನಿಜವಾಗಿ ಕೂತಂತೆ ಅನಿಸುತ್ತದೆ. ಸಂಗೀತಕ್ಕೆ ಅದು ಮಾಡಬೇಕಾದದ್ದು ಅಷ್ಟೇ. ಸಬ್‌ವೂಫರ್ ಇದೆ ಎಂಬುದೇ ಮರೆತುಹೋಗಬೇಕು. ಅದನ್ನು ಆರಿಸಿದಾಗ ಮಾತ್ರ ಏನೋ ಕಳೆದುಹೋಯಿತಲ್ಲ ಎನಿಸಬೇಕು.

ಇನ್ನು ಅಂಗಡಿಗೆ ಹೋಗೋಣ. ಲ್ಯಾಮಿಂಗ್ಟನ್ ರೋಡಿರಲಿ, ಮಾಲ್ ಇರಲಿ, ಮೊದಲು ನಿಮ್ಮ ಕಣ್ಣಿಗೆ ರಾಚುವುದು ವ್ಯಾಟ್‌ಗಳ ಸಂಖ್ಯೆ. ನಿಮ್ಮ ಅಪ್ಪನ ಕಾಲದ ಟೇಪ್ ರೆಕಾರ್ಡರುಗಳ ಮೇಲೆ 'ಪಿ.ಎಂ.ಪಿ.ಒ.' ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತಿದ್ದರು. ಅದು ಕ್ಷಣಮಾತ್ರದ, ಹೆಚ್ಚುಕಡಿಮೆ ಕಾಗದದ ಮೇಲಿನ ಶಕ್ತಿ. ನೀವು ಕೇಳಬೇಕಾದದ್ದು 'ಆರ್.ಎಂ.ಎಸ್.' ಎಷ್ಟು ಎಂದು. ಅದಾದರೂ ಇಮ್ಮಡಿಯಾದರೆ ದನಿ ಏರುವುದು ಕೇವಲ 3 ಡೆಸಿಬೆಲ್. ಅಂದರೆ 200 ವ್ಯಾಟಿನದು 100 ವ್ಯಾಟಿನದರ ಎರಡರಷ್ಟು ಜೋರಾಗಿ ಕೇಳಿಸುವುದಿಲ್ಲ. ಅದಕ್ಕಿಂತ ಮುಖ್ಯವಾದ ಪ್ರಶ್ನೆ: ಇದು ಎಷ್ಟು ಹರ್ಟ್ಸ್‌ವರೆಗೆ ಕೆಳಗಿಳಿಯುತ್ತದೆ, ಅಲ್ಲಿ ಎಷ್ಟು ಡೆಸಿಬೆಲ್ ಕುಗ್ಗುತ್ತದೆ? 80ರಿಂದ 40 ಹರ್ಟ್ಸ್‌ಗೆ ಇಳಿದು ಅಷ್ಟೇ ಜೋರಾಗಿ ನುಡಿಯಬೇಕಾದರೆ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. 8 ಇಂಚಿನ ಕೋನಿಗಿಂತ 12 ಇಂಚಿನದಕ್ಕೆ ಎರಡೂಕಾಲು ಪಟ್ಟು ವಿಸ್ತೀರ್ಣ ಇರುವುದರಿಂದ ಅದಕ್ಕೆ ಈ ಕೆಲಸ ಸುಲಭ. ಅಂಗೈಯಗಲದ ಪೆಟ್ಟಿಗೆ ಭೂಮಿ ನಡುಗಿಸುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದಿನ ಅಂಗಡಿಗೆ ನಡೆಯಿರಿ.

ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪೂರ್ತಿ ಮುಚ್ಚಿದ್ದು, ಇನ್ನೊಂದು ತೂತು ಇರುವ ಪೋರ್ಟೆಡ್. ಎರಡನೆಯದು ನಮ್ಮ ಘಟವಾದ್ಯದ ಹಾಗೆ. ಘಟದ ಬಾಯಲ್ಲಿ ಗಾಳಿ ಮಿಡಿದು ಆ 'ಘುಂ' ಹುಟ್ಟುವಂತೆ ಇಲ್ಲಿಯೂ ತೂತಿನ ಗಾಳಿ ಕೋನಿಗೆ ಸಹಾಯ ಮಾಡುತ್ತದೆ. ಅದೇ ಶಕ್ತಿಯಲ್ಲಿ ಹೆಚ್ಚು ಗುಡುಗು ಸಿಗುವುದರಿಂದ ಸಿನಿಮಾಪ್ರಿಯರಿಗೆ ಅಚ್ಚುಮೆಚ್ಚು. ಆದರೆ ಒಂದು ಮಿತಿಗಿಂತ ಕೆಳಗೆ ಇದರ ದನಿ ಥಟ್ಟನೆ ಬಿದ್ದುಹೋಗುತ್ತದೆ, ಪೆಟ್ಟಿಗೆಯೂ ದೊಡ್ಡದು. ಮುಚ್ಚಿದ ಪೆಟ್ಟಿಗೆ ಚಿಕ್ಕದು, ಅದರ ದನಿ ಮೆಲ್ಲಗೆ ಇಳಿಯುತ್ತದೆ, ಮೃದಂಗದ ಪೆಟ್ಟು ಬಿದ್ದಲ್ಲೇ ನಿಲ್ಲುತ್ತದೆ. ಚಿಕ್ಕ ಕೋಣೆಯ ನಾಲ್ಕು ಗೋಡೆಗಳೇ ತಗ್ಗುದನಿಗೆ ಒತ್ತಾಸೆ ಕೊಡುವುದರಿಂದ ನಮ್ಮ ಮುಂಬಯಿ ಹಾಲ್‌ಗಳಿಗೆ, ಸಂಗೀತವನ್ನೂ ಪ್ರೀತಿಸುವವರಿಗೆ, ನನ್ನ ಮಟ್ಟಿಗೆ ಮುಚ್ಚಿದ್ದೇ ಮೇಲು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಬ್‌ವೂಫರಿನ ವಿಷಯದಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕು! 40 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 8.6 ಮೀಟರ್. 14 ಅಡಿ ಉದ್ದದ ಹಾಲ್‌ನಲ್ಲಿ ಈ ಅಲೆ ಸರಿಯಾಗಿ ಅರ್ಧ ಹಿಡಿಸಿ, ಗೋಡೆಯಿಂದ ಗೋಡೆಗೆ ಪುಟಿದು ನಿಂತುಬಿಡುತ್ತದೆ. ಆಗ ಗೋಡೆಗೆ ಒರಗಿದ ಸೋಫಾದಲ್ಲಿ ಕೂತವರಿಗೆ ಆ ಸ್ವರ ಎದೆ ಗುದ್ದುತ್ತದೆ. ಹಾಲ್‌ನ ನಟ್ಟನಡುವೆ ಕೂತವರಿಗೆ ಅದು ಇಲ್ಲವೇ ಇಲ್ಲ. ಯಂತ್ರ ಬದಲಾಯಿಸಿದರೂ ಇದು ಬದಲಾಗದು, ಜಾಗ ಬದಲಾಯಿಸಬೇಕು. ಮೂಲೆಯಲ್ಲಿಟ್ಟರೆ ಅತಿ ಜೋರು, ಆದರೆ ಗೊಳಗೊಳ.

ಸರಿಯಾದ ಜಾಗ ಹುಡುಕಲು ಹಳೆಯದೊಂದು ಉಪಾಯವಿದೆ. ನೀವು ಕೂರುವ ಸೋಫಾದ ಮೇಲೆ ಸಬ್‌ವೂಫರ್ ಇಟ್ಟು, ಬೇಸ್ ಇರುವ ಹಾಡನ್ನು ಹಾಕಿ, ನೀವು ನೆಲದ ಮೇಲೆ ಅಂಬೆಗಾಲಿಡುತ್ತಾ ಕೋಣೆ ಸುತ್ತಿ. ಯಾವ ಜಾಗದಲ್ಲಿ ಪ್ರತಿ ಸ್ವರವೂ ಸಮನಾಗಿ, ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಿ. ದುಡಿಯುವ ಮಕ್ಕಳು ಮತ್ತೆ ಅಂಬೆಗಾಲಿಡುವುದನ್ನು ನೋಡುವ ಭಾಗ್ಯ ನಿಮ್ಮ ಅಮ್ಮನಿಗೂ ಸಿಗಲಿ! ದುಡ್ಡಿಗೆ ಅನುಕೂಲವಿದ್ದರೆ ಒಂದು ದೊಡ್ಡದರ ಬದಲು ಎರಡು ಚಿಕ್ಕವನ್ನು ಎದುರುಬದುರು ಗೋಡೆಗಿಟ್ಟರೆ ಈ ಡೊಂಕು ಎಷ್ಟೋ ಸರಿಹೋಗುತ್ತದೆ.

ಆಮೇಲೆ ತಿರುಗುಗುಂಡಿಗಳು. ಸ್ಪೀಕರ್ ಮತ್ತು ಸಬ್‌ವೂಫರ್ ಕೆಲಸ ಹಂಚಿಕೊಳ್ಳುವ ಗೆರೆ 'ಕ್ರಾಸೋವರ್'. ಅದನ್ನು 80 ಹರ್ಟ್ಸ್‌ಗೆ ಇಟ್ಟು ಶುರುಮಾಡಿ. ಅದಕ್ಕಿಂತ ಕೆಳಗಿನ ದನಿ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ. ಇದನ್ನು ರಿಸೀವರಿನಲ್ಲಿ ಹೊಂದಿಸಿದರೆ ಸಬ್‌ವೂಫರಿನ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ. ಇಲ್ಲವಾದರೆ ಒಂದೇ ದನಿಯನ್ನು ಎರಡು ಸಲ ಸೋಸಿದಂತಾಗುತ್ತದೆ. 'ಫೇಸ್' ಎಂಬ ಸ್ವಿಚ್ಚನ್ನು 0 ಮತ್ತು 180ರಲ್ಲಿ ಹಾಕಿ ನೋಡಿ, ಕೂತ ಜಾಗದಲ್ಲಿ ಯಾವುದು ತುಂಬಿಕೊಂಡು ಕೇಳುತ್ತದೋ ಅದೇ ಸರಿ.

ಉಳಿಯಿತು ದನಿಯ ಮಟ್ಟ. ನಾನು ಇಷ್ಟು ಹೊತ್ತು ಕಾದದ್ದು ಈ ಮಾತಿಗೇ. ಕನ್ನಡದಲ್ಲಿ 'ಶಬ್ದ' ಎಂದರೆ ಸದ್ದು ಎಂದೂ ಅರ್ಥ, ಪದ ಎಂದೂ ಅರ್ಥ. ತಗ್ಗಿನ ಜೋರು ಸದ್ದು ಮೇಲಿನ ಸಣ್ಣ ಸದ್ದುಗಳನ್ನು ಮುಚ್ಚಿಹಾಕುತ್ತದೆ. ಇದು ಕಿವಿಯ ಸ್ವಭಾವ. ಮಾತಿನ ಸ್ಪಷ್ಟತೆ ಇರುವುದೋ ವ್ಯಂಜನಗಳಲ್ಲಿ, ಸಾವಿರ ಹರ್ಟ್ಸ್‌ನ ಆಚೆ. ಬೇಸ್ ಏರಿಸಿದಷ್ಟೂ ಒಂದು ಶಬ್ದ ಹೆಚ್ಚಿ ಇನ್ನೊಂದು ಶಬ್ದ ಮುಳುಗುತ್ತದೆ. ಶಾಲೆಯಲ್ಲಿ ಕನ್ನಡ ಕಲಿಯದ ನಿಮ್ಮಲ್ಲಿ ಎಷ್ಟೋ ಮಂದಿಗೆ ಕನ್ನಡ ಬಂದದ್ದೇ ಕಿವಿಯ ದಾರಿಯಿಂದ. ಸಿ. ಅಶ್ವಥ್ ಹಾಡಿದ ಷರೀಫರ ತತ್ವಪದದಲ್ಲಿ ತಾಳ ಮಾತ್ರ ಉಳಿದು ಪದ ಹೋದರೆ ನಿಮಗೆ ದಕ್ಕಿದ್ದೇನು?

ಮನೆಯಲ್ಲಿ ಅಜ್ಜಿ ತಾತ ಇದ್ದರೆ ಇದು ಇನ್ನೂ ಮುಖ್ಯ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕುಗ್ಗುವುದು ಎತ್ತರದ ದನಿಯನ್ನು ಕೇಳುವ ಶಕ್ತಿ. ಗುಡುಗು ಅವರಿಗೆ ಚೆನ್ನಾಗಿಯೇ ಕೇಳುತ್ತದೆ, ಮಾತು ಕೇಳುವುದಿಲ್ಲ. "ಸದ್ದು ಬರ್ತದೆ, ಏನಂದ ಅಂತ ತಿಳಿಯೋದಿಲ್ಲ" ಎಂದು ಅವರು ಗೊಣಗಿದರೆ ವಾಲ್ಯೂಮ್ ಏರಿಸಬೇಡಿ, ಸಬ್‌ವೂಫರ್ ತಗ್ಗಿಸಿ. ಅದೇ 'ಕಾಂತಾರ' ಚಿತ್ರವನ್ನು ಅವರೂ ನಿಮ್ಮ ಜೊತೆ ಕೂತು ನೋಡಿಯಾರು.

ಗೋಡೆಯಾಚೆಗಿನವರದೂ ಒಂದು ಮಾತು. ಮೊಟ್ಟೆ ಟ್ರೇ, ತೆಳು ಫೋಮ್, ಪರದೆ ಯಾವುದೂ ಇಷ್ಟುದ್ದದ ಅಲೆಯನ್ನು ತಡೆಯಲಾರವು. ಪೆಟ್ಟಿಗೆಯ ಕೆಳಗಿನ ರಬ್ಬರ್ ನೆಲದ ನಡುಕವನ್ನಷ್ಟೇ ಕಡಿಮೆ ಮಾಡುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಆದರೆ ಈ ಅಳತೆ ತಗ್ಗುದನಿಯನ್ನು ಬಹಳ ಕಡಿಮೆ ಎಣಿಸುತ್ತದೆ. 50 ಹರ್ಟ್ಸ್‌ನ ದನಿಯಲ್ಲಿ ಸುಮಾರು 30 ಡೆಸಿಬೆಲ್ ಕಳೆದೇ ಲೆಕ್ಕ ಹಾಕುತ್ತದೆ. ಮೀಟರ್ 'ಪರವಾಗಿಲ್ಲ' ಎಂದಾಗಲೂ ಪಕ್ಕದ ಮನೆಯಲ್ಲಿ ಹತ್ತನೇ ಕ್ಲಾಸಿಗೆ ಓದುತ್ತಿರುವ ಹುಡುಗಿಯ ಮೇಜು ನಡುಗುತ್ತಿರಬಹುದು. ಯಂತ್ರ ತಂದ ದಿನವೇ ಅವರ ಬಾಗಿಲು ತಟ್ಟಿ, "ನಮ್ಮನೆ ಸದ್ದು ನಿಮಗೆ ಎಷ್ಟು ಕೇಳ್ತದೆ, ಹೇಳಿ" ಎಂದು ಕೇಳಿಬಿಡಿ. ಅವರ ಗೋಡೆಯ ಬಳಿ ಕಿವಿಗೊಟ್ಟು, ಆ ಗುಂಡಿಯ ಮೇಲೊಂದು ಗುರುತು ಹಾಕಿಕೊಳ್ಳಿ. ರಾತ್ರಿ ಆ ಗೆರೆ ದಾಟಬೇಡಿ.

ಕೊಳ್ಳುವಾಗ ಅಂಗಡಿಯವರ ಡೆಮೊ ಸಾಕೆನ್ನಬೇಡಿ. ನಿಮಗೆ ಬಾಯಿಪಾಠವಿರುವ ಮೂರನ್ನು ಫೋನಿನಲ್ಲಿ ಒಯ್ಯಿರಿ: ಒಂದು ಸಿನಿಮಾದ ದೃಶ್ಯ, ಒಂದು ಮೃದಂಗದ ತನಿ, ಒಂದು ಭಾವಗೀತೆ. ಮೊದಲನೆಯದರಲ್ಲಿ ಪೆಟ್ಟಿಗೆ ಗೊರಗುಟ್ಟಬಾರದು, ಎರಡನೆಯದರಲ್ಲಿ ಪೆಟ್ಟುಗಳು ಒಂದಕ್ಕೊಂದು ಅಂಟಬಾರದು, ಮೂರನೆಯದರಲ್ಲಿ ಒಂದು ಅಕ್ಷರವೂ ಕಳೆಯಬಾರದು. ಹಿಂತಿರುಗಿಸುವ ಅವಕಾಶವಿದೆಯೇ ಎಂದೂ ಕೇಳಿ, ಏಕೆಂದರೆ ನಿಜವಾದ ಪರೀಕ್ಷೆ ನಿಮ್ಮ ಹಾಲ್‌ನಲ್ಲೇ. ಯಾರ ಮನೆಯಲ್ಲಿ ಯಾವ ಮೂಲೆ ಗೆದ್ದಿತು ಎಂಬುದನ್ನು ನಮ್ಮ ಪತ್ರಿಕೆಗೆ ಬರೆದು ಕಳಿಸಿ, ತಪ್ಪುಒಪ್ಪು ಹೇಗಿದ್ದರೂ ಸರಿ, ಕನ್ನಡದಲ್ಲೇ.